ಗ್ರಾಹಕ ಸೇವಾ ಕೆಲಸದ ಸಂದರ್ಶನ: ಪದೇ ಪದೇ ಕೇಳುವ ಪ್ರಶ್ನೆಗಳು

ಏಳೆಂಟು ವರ್ಷ ಹೆಡ್‌ಸೆಟ್ ಹಾಕಿಕೊಂಡು ಗ್ರಾಹಕರ ಕರೆಗಳಿಗೆ ಉತ್ತರಿಸಿದವನು ನಾನು. ಆಮೇಲೆ ಮೇಜಿನ ಆಚೆ ಬದಿಗೆ ಬಂದು, ಅದೇ ಕೆಲಸಕ್ಕೆ ಬರುವವರ ಸಂದರ್ಶನ ಮಾಡತೊಡಗಿದೆ. ಒಳ್ಳೆಯ ಕೆಲಸಗಾರರಾಗಬಲ್ಲ ಎಷ್ಟೋ ಮಂದಿ ಉರು ಹೊಡೆದ ಉತ್ತರಗಳನ್ನು ಒಪ್ಪಿಸಿ, ತಾವು ಯಾರೆಂಬುದನ್ನು ತೋರಿಸದೆಯೇ ಎದ್ದು ಹೋದದ್ದನ್ನು ಕಂಡಿದ್ದೇನೆ. ಆ ಬೇಸರದಿಂದಲೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿರುವ ಪ್ರಶ್ನೆಗಳೆಲ್ಲ ಅಭ್ಯರ್ಥಿಗಳು ನನ್ನನ್ನು ಕೇಳಿದವು, ಹೆಚ್ಚಿನವು ಸಂದರ್ಶನ ಮುಗಿದ ಮೇಲೆ, ಬಾಗಿಲ ಬಳಿ ನಿಂತು.

ದೊಡ್ಡ ಕಂಪನಿಗಳಲ್ಲಿ ಒಟ್ಟು ಎಷ್ಟು ಸುತ್ತುಗಳಿರುತ್ತವೆ?

ಸಾಮಾನ್ಯವಾಗಿ ಮೂರು ಅಥವಾ ನಾಲ್ಕು. ಮೊದಲು ಎಚ್‌ಆರ್ ವಿಭಾಗದಿಂದ ಒಂದು ಚಿಕ್ಕ ಫೋನ್ ಕರೆ. ಬಳಿಕ ಭಾಷೆಯ ಪರೀಕ್ಷೆ, ಟೈಪಿಂಗ್ ಪರೀಕ್ಷೆ. ಅದಾದ ಮೇಲೆ ಟೀಮ್ ಲೀಡರ್ ಅಥವಾ ಮ್ಯಾನೇಜರ್ ನಡೆಸುವ ಆಪರೇಷನ್ಸ್ ಸುತ್ತು. ಬೇರೊಂದು ಕಂಪನಿಯ ಪರವಾಗಿ ಗ್ರಾಹಕ ಸೇವೆ ನೀಡುವ ಸಂಸ್ಥೆಯಾದರೆ ಕೊನೆಗೆ ಆ ಕಂಪನಿಯವರೇ ಮಾತನಾಡಿಸುವ ಕ್ಲೈಂಟ್ ಸುತ್ತು ಕೂಡ ಇರಬಹುದು.

ಮೊದಲ ಫೋನ್ ಕರೆಯನ್ನು ಬಹಳ ಮಂದಿ ಬರೀ ವಿಚಾರಣೆ ಎಂದುಕೊಳ್ಳುತ್ತಾರೆ. ಫೋನಿನಲ್ಲಿ ಮಾಡುವ ಕೆಲಸಕ್ಕೆ ಫೋನಿನಲ್ಲಿ ನೀವು ಹೇಗೆ ಮಾತನಾಡುತ್ತೀರಿ ಎಂಬುದಕ್ಕಿಂತ ದೊಡ್ಡ ಪರೀಕ್ಷೆ ಯಾವುದಿದೆ? ಗದ್ದಲದ ಜಾಗದಲ್ಲಿದ್ದರೆ, "ಈಗ ಸುತ್ತಲೂ ಸದ್ದಿದೆ, ಅರ್ಧ ಗಂಟೆ ಬಿಟ್ಟು ನಾನೇ ಕರೆ ಮಾಡಲೇ?" ಎಂದು ಕೇಳಿ. ಹಾಗೆ ಕೇಳಿದವರ ಹೆಸರಿನ ಮುಂದೆ ನಾನು ಯಾವಾಗಲೂ ಒಂದು ಗುರುತು ಹಾಕಿಕೊಳ್ಳುತ್ತಿದ್ದೆ, ಒಳ್ಳೆಯ ಗುರುತು.

ನನಗೆ ಅನುಭವವೇ ಇಲ್ಲ. ಅರ್ಜಿ ಹಾಕಬಹುದೇ?

ಧಾರಾಳವಾಗಿ ಹಾಕಿ. ಮೊದಲ ಹಂತದ ಹುದ್ದೆಗಳಿಗೆ ಕಂಪನಿಗಳು ತಾವೇ ಕೆಲವು ವಾರಗಳ ತರಬೇತಿ ಕೊಡುತ್ತವೆ. ಆಮೇಲೆ ನೆಸ್ಟಿಂಗ್ ಎಂಬ ಅವಧಿ ಇರುತ್ತದೆ. ಅಂದರೆ ನಿಜವಾದ ಕರೆಗಳನ್ನೇ ತೆಗೆದುಕೊಳ್ಳುತ್ತೀರಿ, ಆದರೆ ಪಕ್ಕದಲ್ಲಿ ಅನುಭವಿಗಳು ಇರುತ್ತಾರೆ. ಉತ್ಪನ್ನದ ಬಗೆಗಿನ ಜ್ಞಾನವನ್ನು ಅಲ್ಲಿ ಕಲಿಸುತ್ತಾರೆ. ಜನರೊಂದಿಗೆ ನಡೆದುಕೊಳ್ಳುವ ರೀತಿಯನ್ನು ಅಷ್ಟು ಸುಲಭವಾಗಿ ಕಲಿಸಲಾಗದು, ಅದಕ್ಕಾಗಿಯೇ ಸಂದರ್ಶನ.

ಔಷಧಿ ಅಂಗಡಿಯ ಕೌಂಟರಿನಲ್ಲಿ ಎರಡು ವರ್ಷ ನಿಂತಿದ್ದ ಯುವತಿಯೊಬ್ಬರು ನನ್ನ ಮುಂದೆ ಬಂದು, "ಕಾಲ್ ಸೆಂಟರ್ ಅನುಭವ ಇಲ್ಲ" ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಔಷಧಿ ಸಿಗದೆ ಕೋಪಗೊಂಡವರಿಗೆ ಏನು ಹೇಳುತ್ತಿದ್ದಿರಿ ಎಂದು ಕೇಳಿದೆ. "ಇಲ್ಲ ಎಂದು ಹೇಳಿ ಸುಮ್ಮನಾಗುತ್ತಿರಲಿಲ್ಲ ಸರ್. ಎಷ್ಟು ಹೊತ್ತಿಗೆ ಬರುತ್ತದೆ ಎಂದು ವಿಚಾರಿಸಿ, ಅವರ ಫೋನ್ ನಂಬರ್ ಬರೆದುಕೊಂಡು, ಬಂದ ತಕ್ಷಣ ತಿಳಿಸುತ್ತಿದ್ದೆ" ಎಂದರು. ಗ್ರಾಹಕ ಸೇವೆ ಎಂದರೆ ಅದೇ ಅಲ್ಲವೇ! ಶಾಲೆಯ ಕಚೇರಿಯಲ್ಲಿ, ಆಸ್ಪತ್ರೆಯ ಸ್ವಾಗತ ಮೇಜಿನಲ್ಲಿ, ಹೋಟೆಲಿನಲ್ಲಿ, ಮನೆಪಾಠ ಹೇಳುವಲ್ಲಿ ನೀವು ಜನರ ತೊಂದರೆಗೆ ದಾರಿ ಹುಡುಕಿದ್ದರೆ ಅದೆಲ್ಲ ಲೆಕ್ಕಕ್ಕೆ ಬರುತ್ತದೆ. ಅದನ್ನು ರೆಸ್ಯೂಮೆಯಲ್ಲಿ ಬರೆಯಿರಿ.

ಸಂದರ್ಶನ ಮಾಡುವವರು ನಿಜವಾಗಿ ಗಮನಿಸುವುದು ಏನನ್ನು?

ನೀವು ಹೇಗೆ ಕೇಳಿಸಿಕೊಳ್ಳುತ್ತೀರಿ ಎಂಬುದನ್ನು. ನಾನು ಬೇಕೆಂದೇ ಎರಡು ಭಾಗಗಳಿರುವ ಪ್ರಶ್ನೆ ಕೇಳುತ್ತಿದ್ದೆ: "ನಿಮಗೆ ಕಷ್ಟವೆನಿಸಿದ ಒಂದು ಸಂದರ್ಭ ಯಾವುದು, ಅದು ಮತ್ತೆ ಬಂದರೆ ಏನು ಬದಲಿಸುತ್ತೀರಿ?" ಹೆಚ್ಚಿನವರು ಮೊದಲರ್ಧಕ್ಕೆ ಉದ್ದವಾಗಿ ಉತ್ತರಿಸಿ ಎರಡನೆಯದನ್ನು ಮರೆಯುತ್ತಿದ್ದರು. ಕರೆ ಮಾಡುವ ಗ್ರಾಹಕರೂ ಹೀಗೆಯೇ, ಒಂದೇ ಉಸಿರಿನಲ್ಲಿ ಎರಡು ಮೂರು ತೊಂದರೆ ಹೇಳುತ್ತಾರೆ. ಒಂದನ್ನು ಬಿಟ್ಟರೆ ಅವರು ನಾಳೆ ಮತ್ತೆ ಕರೆ ಮಾಡಬೇಕು, ಮತ್ತೆ ಸಾಲಿನಲ್ಲಿ ಕಾಯಬೇಕು.

ಕಾಗದ, ಪೆನ್ನು ಇಟ್ಟುಕೊಂಡು ಕುಳಿತುಕೊಳ್ಳಿ. ಪ್ರಶ್ನೆಯ ಮುಖ್ಯ ಪದಗಳನ್ನು ಗುರುತು ಮಾಡಿಕೊಳ್ಳಿ. ಅರ್ಥವಾಗದಿದ್ದರೆ, "ನೀವು ಕೇಳುತ್ತಿರುವುದು ಇದನ್ನೇ ತಾನೇ?" ಎಂದು ಖಚಿತಪಡಿಸಿಕೊಳ್ಳಿ. ಯಾರೂ ತಪ್ಪು ತಿಳಿಯುವುದಿಲ್ಲ.

ನನ್ನ ಭಾಷೆ ಅಷ್ಟು ನಿರರ್ಗಳವಾಗಿಲ್ಲ. ಇದೇ ಕಾರಣಕ್ಕೆ ತಿರಸ್ಕರಿಸುತ್ತಾರೆಯೇ?

ಯಾವ ಭಾಷೆಯಲ್ಲಿ ಸೇವೆ ಕೊಡಬೇಕೋ ಆ ಭಾಷೆ ಸ್ಪಷ್ಟವಾಗಿ ಬರಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಸ್ಪಷ್ಟತೆ ಬೇರೆ, ವೇಗ ಬೇರೆ. ಪಟಪಟನೆ ಮಾತನಾಡುವವರಲ್ಲಿ ಅರ್ಧದಷ್ಟು ಜನರ ಮಾತು ಫೋನಿನಲ್ಲಿ ಅರ್ಥವೇ ಆಗುವುದಿಲ್ಲ. ಬೇರೆ ಯಾರದೋ ಉಚ್ಚಾರಣೆಯನ್ನು ಎರವಲು ತಂದು ನಟಿಸಬೇಡಿ. ಎರಡನೆಯ ನಿಮಿಷದಲ್ಲಿ ಅದು ಜಾರುತ್ತದೆ, ಆಮೇಲೆ ನಿಮ್ಮ ಗಮನವೆಲ್ಲ ಅದನ್ನು ಎತ್ತಿ ಹಿಡಿಯುವುದರಲ್ಲೇ ಕಳೆದುಹೋಗುತ್ತದೆ.

ಅಭ್ಯಾಸಕ್ಕೆ ಒಂದು ದಾರಿ: ನಿಮ್ಮ ಮೊಬೈಲಿನಲ್ಲಿ ನಿಮ್ಮದೇ ಧ್ವನಿ ಮುದ್ರಿಸಿ ಕೇಳಿ. ವಾಕ್ಯದ ಕೊನೆಯ ಪದವನ್ನು ನುಂಗುತ್ತಿದ್ದೀರಾ, ಒಂದೊಂದು ವಾಕ್ಯಕ್ಕೂ "ಅಂದರೆ" ಸೇರಿಸುತ್ತಿದ್ದೀರಾ ಎಂಬುದು ಆಗ ಗೊತ್ತಾಗುತ್ತದೆ.

ಮಾಕ್ ಕಾಲ್ ಎಂದರೆ ಏನು? ಅದಕ್ಕೆ ಹೇಗೆ ಸಿದ್ಧವಾಗಬೇಕು?

ಸಂದರ್ಶಕರು ಗ್ರಾಹಕರಾಗಿ ನಟಿಸುತ್ತಾರೆ, ನೀವು ಕರೆ ಎತ್ತಬೇಕು. ಇಡೀ ಸಂದರ್ಶನದ ಜೀವಾಳವೇ ಇದು. ಬೇರೆಲ್ಲ ಉತ್ತರಗಳನ್ನು ಮನೆಯಲ್ಲಿ ಕಲಿತು ಬರಬಹುದು, ಇಲ್ಲಿ ಮಾತ್ರ ಆ ಗಳಿಗೆಯಲ್ಲೇ ಯೋಚಿಸಬೇಕು.

ನಾನು ಹೆಚ್ಚಾಗಿ ಬಳಸುತ್ತಿದ್ದ ಸನ್ನಿವೇಶವನ್ನು ಹೇಳಿಬಿಡುತ್ತೇನೆ. ಗ್ರಾಹಕರು ಸಿಡುಕುತ್ತಾ ಹೇಳುತ್ತಾರೆ: "ಒಂದೇ ವಸ್ತುವಿಗೆ ನನ್ನ ಕಾರ್ಡಿನಿಂದ ಎರಡು ಸಲ ಹಣ ಕತ್ತರಿಸಿದ್ದೀರಿ. ಈಗಲೇ ವಾಪಸ್ ಕೊಡಿ." ಅಭ್ಯರ್ಥಿಗಳಲ್ಲಿ ಬಹುಪಾಲು ಜನ ಆರು ಸಲ ಕ್ಷಮೆ ಕೇಳುತ್ತಾರೆ, ಇಲ್ಲವೇ "ಇಪ್ಪತ್ತನಾಲ್ಕು ಗಂಟೆಯಲ್ಲಿ ಹಣ ಬರುತ್ತದೆ" ಎಂದು ಮೂಗಿಗೆ ತುಪ್ಪ ಸವರುತ್ತಾರೆ. ಎರಡರಿಂದಲೂ ಗ್ರಾಹಕರಿಗೆ ಏನೂ ಸಿಗುವುದಿಲ್ಲ.

ನನಗೆ ಇಷ್ಟವಾದ ಉತ್ತರ ಒಬ್ಬರಿಂದ ಬಂದಿತ್ತು: "ಎರಡು ಸಲ ಹಣ ಹೋದರೆ ಯಾರಿಗಾದರೂ ಗಾಬರಿಯಾಗುತ್ತದೆ. ನೋಡಿಯೇ ಬಿಡೋಣ. ನಿಮ್ಮ ಖಾತೆಯ ಪಟ್ಟಿಯಲ್ಲಿ ಎರಡೂ ಮೊತ್ತಗಳು ಪೂರ್ತಿಯಾಗಿ ಕಡಿತವಾಗಿವೆ ಎಂದಿದೆಯೇ, ಅಥವಾ ಒಂದರ ಮುಂದೆ ಬಾಕಿ ಇದೆ ಎಂದು ಕಾಣುತ್ತಿದೆಯೇ?" ಈ ಒಂದು ಪ್ರಶ್ನೆಯಲ್ಲಿ ಎಲ್ಲವೂ ಇದೆ. ಪಾವತಿಯ ಸಮಯದಲ್ಲಿ ಬ್ಯಾಂಕು ಮೊದಲು ಮೊತ್ತವನ್ನು ತಡೆಹಿಡಿಯುತ್ತದೆ, ನಂತರವಷ್ಟೇ ನಿಜವಾದ ಕಡಿತ ಆಗುತ್ತದೆ. ಮೊದಲ ಪ್ರಯತ್ನ ವಿಫಲವಾಗಿ ಎರಡನೆಯದು ಯಶಸ್ವಿಯಾದರೆ, ತಡೆಹಿಡಿದ ಮೊದಲ ಮೊತ್ತವೂ ಸ್ವಲ್ಪ ಕಾಲ ಪಟ್ಟಿಯಲ್ಲಿ ಕಾಣುತ್ತದೆ, ಆಮೇಲೆ ತಾನಾಗಿಯೇ ಬಿಡುಗಡೆಯಾಗುತ್ತದೆ. ಎರಡೂ ನಿಜವಾಗಿ ಕಡಿತವಾಗಿದ್ದರೆ ಮಾತ್ರ ಮರುಪಾವತಿಯ ಪ್ರಕ್ರಿಯೆ ಆರಂಭಿಸಬೇಕು. ಈ ಬ್ಯಾಂಕಿಂಗ್ ವಿವರ ನಿಮಗೆ ಗೊತ್ತಿರಲೇಬೇಕು ಎಂದಿಲ್ಲ. ಭರವಸೆ ಕೊಡುವ ಮೊದಲು ಏನಾಗಿದೆ ಎಂದು ವಿಚಾರಿಸುವ ಮನಸ್ಸು ಇರಬೇಕು.

ಇನ್ನೂ ಕೆಲವು ಮಾತು. ಹೋಲ್ಡ್‌ನಲ್ಲಿ ಇಡಬೇಕಾದರೆ ಅನುಮತಿ ಕೇಳಿ, ಎಷ್ಟು ಹೊತ್ತು ಮತ್ತು ಏಕೆ ಎಂದು ಹೇಳಿ. ಏನನ್ನಾದರೂ ಹುಡುಕುತ್ತಿರುವಾಗ ಮೌನವಾಗಿರಬೇಡಿ, "ನಿಮ್ಮ ಆರ್ಡರ್ ತೆರೆಯುತ್ತಿದ್ದೇನೆ" ಎನ್ನಿ. ಗ್ರಾಹಕರು ಹೇಳಿದ ಸಂಖ್ಯೆ, ಹೆಸರುಗಳನ್ನು ತಿರುಗಿ ಓದಿ ಹೇಳಿ. ಸಾಂಪ್ರದಾಯಿಕ ದೂರವಾಣಿ ಜಾಲ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ಸಾಗಿಸುತ್ತದೆ. ಎಸ್ ಮತ್ತು ಎಫ್ ಅಕ್ಷರಗಳನ್ನು ಬೇರ್ಪಡಿಸುವ ಸೀಳು ಸದ್ದಿನ ಹೆಚ್ಚಿನ ಪಾಲು ಅದಕ್ಕಿಂತ ಮೇಲಿರುತ್ತದೆ. ಅನುಭವಿಗಳು ಹೆಸರು ಬಿಡಿಸಿ ಕೇಳುವಾಗ ಎ ಎಂದರೆ ಆಲ್ಫಾ, ಬಿ ಎಂದರೆ ಬ್ರಾವೊ, ಸಿ ಎಂದರೆ ಚಾರ್ಲಿ ಎಂದು ಒಂದೊಂದು ಅಕ್ಷರಕ್ಕೂ ಪದ ಸೇರಿಸಿ ಹೇಳುವುದು ಅದಕ್ಕಾಗಿಯೇ.

"ಸಿಟ್ಟಾದ ಗ್ರಾಹಕರನ್ನು ಹೇಗೆ ನಿಭಾಯಿಸುತ್ತೀರಿ?" ಎಂದರೆ ಏನು ಹೇಳಲಿ?

"ತಾಳ್ಮೆಯಿಂದ ಇರುತ್ತೇನೆ" ಎಂಬ ಉತ್ತರವನ್ನು ಸಂದರ್ಶಕರು ದಿನಕ್ಕೆ ಹತ್ತು ಸಲ ಕೇಳುತ್ತಾರೆ. ನಡೆದ ಘಟನೆಯೊಂದನ್ನು ಹೇಳಿ. ಸಂದರ್ಭ ಏನಿತ್ತು, ನಿಮ್ಮ ಹೊಣೆ ಏನಾಗಿತ್ತು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಹೇಳುವ ಈ ಕ್ರಮಕ್ಕೆ ಸ್ಟಾರ್ ವಿಧಾನ ಎನ್ನುತ್ತಾರೆ. ಮೂರನೆಯ ಮೆಟ್ಟಿಲಿನಲ್ಲಿ ಹೆಚ್ಚು ಹೊತ್ತು ನಿಲ್ಲಿ. "ನಾವು ಮಾಡಿದೆವು" ಎನ್ನುವ ಬದಲು "ನಾನು ಇದನ್ನು ಮಾಡಿದೆ" ಎನ್ನಿ.

ಸಿಟ್ಟಿನ ಬಗ್ಗೆ ನಾನು ಕಲಿತದ್ದು ಇಷ್ಟು: ಕರೆ ಎತ್ತಿದ ಮೊದಲ ಒಂದೆರಡು ನಿಮಿಷ ಅವರನ್ನು ತಡೆಯಬಾರದು. ಅವರು ಅದಾಗಲೇ ಐದು ಕಡೆ ಅಲೆದು ಬಂದಿರುತ್ತಾರೆ. "ಸಮಾಧಾನ ಮಾಡಿಕೊಳ್ಳಿ" ಎಂಬ ಮಾತು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಅವರು ಹೇಳಿದ್ದನ್ನು ಎರಡು ವಾಕ್ಯಗಳಲ್ಲಿ ನೀವು ತಿರುಗಿ ಹೇಳಿದಾಗ, ತಮ್ಮ ಮಾತು ಯಾರಿಗೋ ತಲುಪಿತು ಎಂದು ಅವರಿಗೆ ಅನಿಸುತ್ತದೆ. ದನಿ ಇಳಿಯುವುದು ಆಗಲೇ. ಹಾಗೆಂದು ಅವಾಚ್ಯ ಬೈಗುಳವನ್ನು ಸಹಿಸಬೇಕಾಗಿಲ್ಲ. ಎಚ್ಚರಿಕೆ ಕೊಟ್ಟು ಕರೆ ಮುಗಿಸುವ ನಿಯಮ ಅನೇಕ ಕಂಪನಿಗಳಲ್ಲಿದೆ. ನಿಮ್ಮ ಉತ್ತರದಲ್ಲಿ, "ಕಂಪನಿಯ ನಿಯಮದಂತೆ ಎಚ್ಚರಿಸಿ, ಮೇಲಿನವರಿಗೆ ತಿಳಿಸುತ್ತೇನೆ" ಎಂದು ಸೇರಿಸಿದರೆ ತಪ್ಪಿಲ್ಲ. ನಿಮ್ಮ ಮಾನವೂ ಮುಖ್ಯ.

ಸಂದರ್ಶನದಲ್ಲಿ ಉತ್ತರ ಗೊತ್ತಿಲ್ಲದಿದ್ದರೆ?

ಗೊತ್ತಿಲ್ಲ ಎನ್ನಿ, ಆದರೆ ಅಲ್ಲಿಗೆ ನಿಲ್ಲಿಸಬೇಡಿ. ಎಲ್ಲಿ ಹುಡುಕುತ್ತೀರಿ, ಯಾರನ್ನು ಕೇಳುತ್ತೀರಿ ಎಂದು ಹೇಳಿ. ಈ ಕೆಲಸದಲ್ಲಿ ಪ್ರತಿದಿನವೂ ಗೊತ್ತಿಲ್ಲದ ಪ್ರಶ್ನೆ ಬರುತ್ತದೆ. ಊಹೆಯಿಂದ ಉತ್ತರ ಕೊಟ್ಟು ಗ್ರಾಹಕರ ಹಣಕ್ಕೆ ಕುತ್ತು ತಂದವರನ್ನು ಕಂಡಿದ್ದೇನೆ. "ಖಚಿತಪಡಿಸಿಕೊಂಡು ಹೇಳುತ್ತೇನೆ" ಎಂದವರಿಂದ ಯಾರಿಗೂ ನಷ್ಟವಾದದ್ದು ನೋಡಿಲ್ಲ.

ಎಎಚ್‌ಟಿ, ಸಿಸ್ಯಾಟ್ ಮುಂತಾದ ಪದಗಳು ತಿಳಿದಿರಬೇಕೇ?

ಹೊಸಬರಿಗೆ ಕಡ್ಡಾಯವಲ್ಲ. ತಿಳಿದಿದ್ದರೆ ಆಪರೇಷನ್ಸ್ ಸುತ್ತಿನಲ್ಲಿ ಮಾತು ಸಲೀಸಾಗುತ್ತದೆ.

ಎಎಚ್‌ಟಿ ಎಂದರೆ ಒಂದು ಕರೆಯನ್ನು ನಿರ್ವಹಿಸಲು ಹಿಡಿಯುವ ಸರಾಸರಿ ಸಮಯ. ಮಾತನಾಡಿದ ಸಮಯ, ಹೋಲ್ಡ್‌ನಲ್ಲಿಟ್ಟ ಸಮಯ, ಕರೆ ಮುಗಿದ ಮೇಲೆ ಟಿಪ್ಪಣಿ ಬರೆಯುವ ಸಮಯ ಮೂರೂ ಇದರಲ್ಲಿ ಸೇರುತ್ತವೆ. ಎಫ್‌ಸಿಆರ್ ಎಂದರೆ ಮೊದಲ ಸಂಪರ್ಕದಲ್ಲೇ ತೊಂದರೆ ಬಗೆಹರಿಯುವ ಪ್ರಮಾಣ. ಸಿಸ್ಯಾಟ್ ಗ್ರಾಹಕರ ತೃಪ್ತಿಯ ಅಂಕ. ಎನ್‌ಪಿಎಸ್ ಎಂಬುದನ್ನು ಫ್ರೆಡ್ ರೈಕ್‌ಹೆಲ್ಡ್ 2003ರಲ್ಲಿ ಪರಿಚಯಿಸಿದರು: ಈ ಕಂಪನಿಯನ್ನು ಇತರರಿಗೆ ಶಿಫಾರಸು ಮಾಡುತ್ತೀರಾ ಎಂಬ ಪ್ರಶ್ನೆಗೆ 0ರಿಂದ 10ರವರೆಗೆ ಅಂಕ. 9 ಮತ್ತು 10 ಕೊಟ್ಟವರ ಶೇಕಡಾವಾರಿನಿಂದ 0ರಿಂದ 6ರವರೆಗೆ ಕೊಟ್ಟವರ ಶೇಕಡಾವಾರನ್ನು ಕಳೆಯುತ್ತಾರೆ. 7 ಮತ್ತು 8 ಯಾವ ಕಡೆಗೂ ಸೇರುವುದಿಲ್ಲ. ಪರವಾಗಿಲ್ಲ ಎಂದುಕೊಂಡು ಗ್ರಾಹಕರು ಕೊಡುವ 6 ಅಂಕ ಇಲ್ಲಿ ದೂರಿನ ಲೆಕ್ಕಕ್ಕೆ ಹೋಗುತ್ತದೆ.

"ವೇಗ ಮುಖ್ಯವೋ ಗುಣಮಟ್ಟ ಮುಖ್ಯವೋ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ನನ್ನ ಅಭಿಪ್ರಾಯ ನೇರವಾದದ್ದು. ಮೂರು ನಿಮಿಷದಲ್ಲಿ ಮುಗಿಸಿದ ಕರೆ ನಾಳೆ ಮತ್ತೆ ಬಂದರೆ ಅದು ಆರು ನಿಮಿಷದ ಕರೆ, ಜೊತೆಗೆ ಒಬ್ಬ ನೊಂದ ಮನುಷ್ಯ. ಒಮ್ಮೆಗೇ ಸರಿಯಾಗಿ ಬಗೆಹರಿಸುವುದೇ ನಿಜವಾದ ವೇಗ ಎಂದು ಉದಾಹರಣೆಯೊಂದಿಗೆ ಹೇಳಿದವರನ್ನು ನಾನು ಬಿಟ್ಟುಕೊಟ್ಟಿಲ್ಲ.

ಸಮಯಪಾಲನೆ, ಪಾಳಿಗಳ ಬಗ್ಗೆ ಅಷ್ಟೊಂದು ಕೆದಕಿ ಕೇಳುವುದೇಕೆ?

ಇದರ ಹಿಂದೆ ಒಂದು ಗಣಿತವಿದೆ. ದೂರವಾಣಿ ಕರೆಗಳ ದಟ್ಟಣೆಯನ್ನು ಡೆನ್ಮಾರ್ಕಿನ ಗಣಿತಜ್ಞ ಎ. ಕೆ. ಎರ್ಲಾಂಗ್ ಸಂಭವನೀಯತೆಯ ಲೆಕ್ಕಕ್ಕೆ ತಂದು 1909ರಲ್ಲಿ ಪ್ರಬಂಧ ಪ್ರಕಟಿಸಿದರು, 1917ರಲ್ಲಿ ಕಾಯುವ ಸಮಯದ ಸೂತ್ರಗಳನ್ನು ಕೊಟ್ಟರು. ಯಾವ ಹೊತ್ತಿಗೆ ಎಷ್ಟು ಜನ ಕುಳಿತಿರಬೇಕು ಎಂದು ಕಾಲ್ ಸೆಂಟರ್‌ಗಳು ಇಂದಿಗೂ ಅವರ ಹೆಸರಿನ ಸೂತ್ರದಿಂದಲೇ ಲೆಕ್ಕ ಹಾಕುತ್ತವೆ. ನೂರರಲ್ಲಿ ಎಂಬತ್ತು ಕರೆಗಳನ್ನು 20 ಸೆಕೆಂಡಿನೊಳಗೆ ಎತ್ತಬೇಕು ಎಂಬುದು ಬಹಳ ಕಡೆ ಚಾಲ್ತಿಯಲ್ಲಿರುವ ಗುರಿ. ಎಲ್ಲರೂ ಬಹುತೇಕ ಬಿಡುವಿಲ್ಲದೆ ಇರುವಾಗ ಒಬ್ಬರು ಕಡಿಮೆಯಾದರೂ ಕಾಯುವ ಸಮಯ ಒಮ್ಮೆಗೇ ಏರಿಬಿಡುತ್ತದೆ. ನೀವು ಹತ್ತು ನಿಮಿಷ ತಡವಾಗಿ ಬಂದರೆ ಅದರ ಭಾರ ಪಕ್ಕದಲ್ಲಿ ಕುಳಿತವರ ಮೇಲೂ ಸಾಲಿನಲ್ಲಿ ಕಾಯುವವರ ಮೇಲೂ ಬೀಳುತ್ತದೆ.

ರಾತ್ರಿ ಪಾಳಿ ನಿಮ್ಮಿಂದ ಆಗದಿದ್ದರೆ ಮೊದಲೇ ಹೇಳಿ. ಕೆಲಸ ಸಿಗಲಿ ಎಂದು "ಆಗುತ್ತದೆ" ಎಂದು ಹೇಳಿ, ಎರಡು ತಿಂಗಳಿಗೇ ಆರೋಗ್ಯ ಕೆಟ್ಟು ಬಿಟ್ಟುಹೋದವರನ್ನು ನೋಡಿ ಸಂಕಟಪಟ್ಟಿದ್ದೇನೆ. ಹಗಲಿನ ಪಾಳಿಯ ತಂಡ ಇದೆಯೇ ಎಂದು ಕೇಳಲು ಸಂಕೋಚ ಬೇಡ.

ಗ್ರಾಹಕರು ಕಷ್ಟ ಹೇಳಿಕೊಂಡು ನಿಯಮ ಸಡಿಲಿಸಿ ಎಂದು ಅತ್ತರೆ ಏನು ಮಾಡುತ್ತೀರಿ ಎಂದು ಕೇಳಿದರು. ಸರಿಯಾದ ಉತ್ತರ ಯಾವುದು?

ಯಾವ ನಿಯಮ ಎಂಬುದರ ಮೇಲೆ ಉತ್ತರ ನಿಂತಿದೆ. ಮರಳಿಸುವ ಗಡುವು ಒಂದು ದಿನ ಮೀರಿದೆ ಎಂದಾದರೆ, ವಿನಾಯಿತಿ ಕೊಡುವ ಅಧಿಕಾರ ಇರುವವರಿಗೆ ಕಾರಣ ಬರೆದು ಕಳುಹಿಸುತ್ತೇನೆ ಎನ್ನಬಹುದು. ಎಸ್ಕಲೇಶನ್, ಅಂದರೆ ವಿಷಯವನ್ನು ಮೇಲಿನವರಿಗೆ ಒಪ್ಪಿಸುವ ವ್ಯವಸ್ಥೆ, ಇರುವುದೇ ಅದಕ್ಕೆ. ಆದರೆ ಗುರುತು ಪರಿಶೀಲನೆಯ ನಿಯಮದಲ್ಲಿ ಮಾತ್ರ ಕರಗಬಾರದು. "ನಾನು ಅವರ ಗಂಡ, ಅವರು ಆಸ್ಪತ್ರೆಯಲ್ಲಿದ್ದಾರೆ, ಪಾಸ್‌ವರ್ಡ್ ಬದಲಿಸಿಕೊಡಿ" ಎಂದು ಗದ್ಗದಿತರಾಗಿ ಹೇಳುವವರಲ್ಲಿ ವಂಚಕರೂ ಇರುತ್ತಾರೆ. ಖಾತೆಯ ನಿಜವಾದ ಒಡೆಯರಿಗೆ ಇರುವ ಕಾವಲು ನೀವೇ. ಪಾಸ್‌ವರ್ಡ್, ಒಟಿಪಿಗಳನ್ನು ಯಾವ ಕಾರಣಕ್ಕೂ ಕೇಳಬಾರದು. ಕಾರ್ಡಿನ ಸಿವಿವಿ ಸಂಖ್ಯೆಯನ್ನು ಪಾವತಿ ಅನುಮೋದನೆಯಾದ ಮೇಲೆ ಎಲ್ಲಿಯೂ ಉಳಿಸಿಕೊಳ್ಳುವಂತಿಲ್ಲ. ಪಾವತಿ ಕಾರ್ಡುಗಳ ಅಂತರರಾಷ್ಟ್ರೀಯ ಭದ್ರತಾ ಮಾನದಂಡವೇ ಅದನ್ನು ನಿಷೇಧಿಸುತ್ತದೆ. ಇದನ್ನು ತಿಳಿದು ಹೇಳಿದರೆ ಸಂದರ್ಶಕರಿಗೆ ನಿಮ್ಮ ಮೇಲೆ ನಂಬಿಕೆ ಹುಟ್ಟುತ್ತದೆ.

ಚಾಟ್ ಅಥವಾ ಇಮೇಲ್ ವಿಭಾಗಕ್ಕೆ ಸಂದರ್ಶನ ಬೇರೆ ರೀತಿ ಇರುತ್ತದೆಯೇ?

ಇರುತ್ತದೆ. ದೂರಿನ ಪತ್ರವೊಂದನ್ನು ಕೊಟ್ಟು ಉತ್ತರ ಬರೆಯಲು ಹೇಳುತ್ತಾರೆ. ಪತ್ರವನ್ನು ಎರಡು ಸಲ ಓದಿ, ಅದರಲ್ಲಿ ಎಷ್ಟು ಪ್ರಶ್ನೆಗಳಿವೆ ಎಂದು ಎಣಿಸಿ, ಅಷ್ಟಕ್ಕೂ ಉತ್ತರಿಸಿ. ಮುಖ್ಯವಾದ ಉತ್ತರ ಮೊದಲ ಎರಡು ಸಾಲುಗಳಲ್ಲೇ ಬರಲಿ. "ತಮಗೆ ಉಂಟಾದ ಅನನುಕೂಲತೆಗೆ ವಿಷಾದಿಸುತ್ತೇವೆ" ಎಂಬ ಸವೆದ ವಾಕ್ಯದ ಬದಲು, "ಮೂರು ಸಲ ಬರೆದರೂ ನಿಮಗೆ ಉತ್ತರ ಬಂದಿಲ್ಲ, ಇದು ನಮ್ಮ ತಪ್ಪು" ಎಂದು ಬರೆದರೆ ಓದುವವರಿಗೆ ಮನುಷ್ಯರೊಬ್ಬರು ಬರೆದದ್ದು ಎನಿಸುತ್ತದೆ. ಚಾಟ್‌ನಲ್ಲಿ ಏಕಕಾಲಕ್ಕೆ ಎರಡು ಮೂರು ಗ್ರಾಹಕರೊಂದಿಗೆ ಮಾತನಾಡಬೇಕಾಗುವುದರಿಂದ ಟೈಪಿಂಗ್ ವೇಗವನ್ನೂ ನೋಡುತ್ತಾರೆ. ತಪ್ಪಿಲ್ಲದೆ ನಿಮಿಷಕ್ಕೆ 35–40 ಪದ ಬಂದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಹಿಂದಿನ ಕೆಲಸ ಏಕೆ ಬಿಟ್ಟಿರಿ ಎಂದರೆ?

ನಿಜ ಹೇಳಿ, ಚಿಕ್ಕದಾಗಿ ಹೇಳಿ. ಹಿಂದಿನ ಮ್ಯಾನೇಜರನ್ನು ದೂರಬೇಡಿ. ದೂರಿದರೆ, ನಾಳೆ ಗ್ರಾಹಕರ ಮುಂದೆ ನಮ್ಮ ಕಂಪನಿಯನ್ನೂ ಹೀಗೆಯೇ ದೂರುತ್ತಾರೆ ಎಂದು ಎದುರಿನವರಿಗೆ ಅನಿಸುತ್ತದೆ.

ವಿಡಿಯೊ ಸಂದರ್ಶನದಲ್ಲಿ ಎದುರಿಗೆ ಯಾರೂ ಇರುವುದಿಲ್ಲವಂತೆ, ನಿಜವೇ?

ಕೆಲವು ದೊಡ್ಡ ಕಂಪನಿಗಳಲ್ಲಿ ಹಾಗಿದೆ. ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ಯೋಚಿಸಲು ಸ್ವಲ್ಪ ಸಮಯ ಕೊಟ್ಟು, ನಿಗದಿತ ನಿಮಿಷಗಳಲ್ಲಿ ನಿಮ್ಮ ಉತ್ತರ ಮುದ್ರಿಸಿಕೊಳ್ಳುತ್ತದೆ. ಪರದೆಯಲ್ಲಿ ಕಾಣುವ ನಿಮ್ಮ ಮುಖವನ್ನು ನೋಡದೆ ಕ್ಯಾಮೆರಾ ನೋಡಿ. ಬೆಳಕು ಮುಂದಿನಿಂದ ಬೀಳಲಿ. ಉತ್ತರವನ್ನು ಓದಬೇಡಿ, ಕಣ್ಣಿನ ಚಲನೆಯಿಂದಲೇ ಗೊತ್ತಾಗುತ್ತದೆ.

ಕೊನೆಗೆ "ನಿಮಗೇನಾದರೂ ಕೇಳುವುದಿದೆಯೇ?" ಎಂದಾಗ ಏನು ಕೇಳಲಿ?

ನಿಮ್ಮ ಬದುಕಿಗೆ ಸಂಬಂಧಿಸಿದ್ದನ್ನು ಕೇಳಿ. ತರಬೇತಿ ಎಷ್ಟು ವಾರ, ಆ ಅವಧಿಯ ಸಂಬಳ ಪೂರ್ತಿ ಸಿಗುತ್ತದೆಯೇ? ಪಾಳಿ ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ? ನನ್ನ ಕೆಲಸವನ್ನು ಯಾವ ಅಂಕಗಳಿಂದ ಅಳೆಯುತ್ತೀರಿ? ಗ್ರಾಹಕರಿಗೆ ಮರುಪಾವತಿ ಕೊಡಲು ನನಗೆ ಎಷ್ಟರವರೆಗೆ ಅಧಿಕಾರ ಇರುತ್ತದೆ? ಕಷ್ಟದ ಕರೆಯ ನಂತರ ಐದು ನಿಮಿಷ ಎದ್ದು ಹೋಗಲು ಅವಕಾಶವಿದೆಯೇ? ಕೊನೆಯ ಪ್ರಶ್ನೆಗೆ ಸಿಗುವ ಉತ್ತರವನ್ನು ಗಮನವಿಟ್ಟು ಕೇಳಿ. ನನ್ನ ಮೊದಲ ಕೆಲಸದಲ್ಲಿ ಆ ಅವಕಾಶ ಇರಲಿಲ್ಲ. ಮಗುವನ್ನು ಕಳೆದುಕೊಂಡ ತಾಯಿಯೊಬ್ಬರು ಅದರ ಹೆಸರಿನ ಖಾತೆ ಮುಚ್ಚಿಸಲು ಮಾಡಿದ ಕರೆ ಮುಗಿದ ಮರುಕ್ಷಣವೇ ಮುಂದಿನ ಕರೆ ಕಿವಿಗೆ ಬಿದ್ದಿತ್ತು. ಆ ದಿನವನ್ನು ನಾನು ಮರೆತಿಲ್ಲ.

ಕೆಲಸ ಖಚಿತಪಡಿಸಲು ಹಣ ಕಟ್ಟಿ ಎಂದು ಕೇಳುತ್ತಿದ್ದಾರೆ. ಕಟ್ಟಬೇಕೇ?

ಕಟ್ಟಬೇಡಿ. ನೋಂದಣಿ, ತರಬೇತಿ, ಲ್ಯಾಪ್‌ಟಾಪ್ ಠೇವಣಿ, ಯಾವ ಹೆಸರಿನಲ್ಲಿ ಕೇಳಿದರೂ ಅದು ಮೋಸವೆಂದೇ ತಿಳಿಯಿರಿ. ದೊಡ್ಡ ಕಂಪನಿಯ ಹೆಸರು ಹೇಳಿಕೊಂಡು ಬಂದ ಇಮೇಲ್ ಆದರೆ ಕಳುಹಿಸಿದ ವಿಳಾಸವನ್ನು ಅಕ್ಷರ ಅಕ್ಷರವಾಗಿ ನೋಡಿ, ಕಂಪನಿಯ ಸ್ವಂತ ಜಾಲತಾಣದಲ್ಲಿ ಆ ಹುದ್ದೆ ಇದೆಯೇ ಎಂದು ಪರೀಕ್ಷಿಸಿ.

ಆಯ್ಕೆಯಾಗದಿದ್ದರೆ ಅದೇ ಕಂಪನಿಗೆ ಮತ್ತೆ ಪ್ರಯತ್ನಿಸಬಹುದೇ?

ಪ್ರಯತ್ನಿಸಬಹುದು. ಕೆಲವೆಡೆ ಮರು ಅರ್ಜಿಗೆ ಕೆಲವು ತಿಂಗಳು ಕಾಯಬೇಕೆಂಬ ನಿಯಮವಿರುತ್ತದೆ, ಎಚ್‌ಆರ್ ಅವರನ್ನೇ ಕೇಳಿ ತಿಳಿದುಕೊಳ್ಳಿ. ಯಾವ ಸುತ್ತಿನಲ್ಲಿ ಹಿಂದೆ ಬಿದ್ದಿರಿ ಎಂದೂ ಕೇಳಿ. ಎಲ್ಲರೂ ಹೇಳುವುದಿಲ್ಲ, ಹೇಳಿದರೆ ಅದು ನಿಮಗೆ ದೊಡ್ಡ ಸಹಾಯ. ಭಾಷೆಯ ಸುತ್ತಾದರೆ ಮೂರು ತಿಂಗಳು ಗಟ್ಟಿಯಾಗಿ ಓದುವ ಅಭ್ಯಾಸ ಮಾಡಿ. ಮಾಕ್ ಕಾಲ್ ಆದರೆ ಸ್ನೇಹಿತರೊಬ್ಬರನ್ನು ಸಿಟ್ಟಾದ ಗ್ರಾಹಕರನ್ನಾಗಿ ಮಾಡಿ, ಮುಖ ಕಾಣದಂತೆ ಬೇರೆ ಕೋಣೆಯಿಂದ ಫೋನ್ ಮಾಡಲು ಹೇಳಿ. ಮೇಲೆ ಹೇಳಿದ ಔಷಧಿ ಅಂಗಡಿಯ ಯುವತಿ ನಮ್ಮಲ್ಲಿ ಆಯ್ಕೆಯಾದದ್ದು ಎರಡನೆಯ ಸಲ ಬಂದಾಗ.